ಅಚ್ಚಿಗೆ ಹೋದ ತಿದ್ದದ ಪುಟಗಳು

೧೪ ನವೆಂಬರ್, ಗುರುವಾರ.

ಮೂರು ವಾರ ನಾನು ತಿದ್ದಿದ ಕವನ ಸಂಕಲನದ ಪುಟಗಳು ಕಚೇರಿಯ ಸರ್ವರಿಗೆ ಹೋಗಿಯೇ ಇರಲಿಲ್ಲ. ನನ್ನ ಲಿನಕ್ಸ್ ಕಂಪ್ಯೂಟರ್ ಸರ್ವರಿಗೆ ಜೋಡಣೆಯಾಗದಿದ್ದಾಗಲೂ ಸರ್ವರ್ ಫೋಲ್ಡರಿನದೇ ಹೆಸರಿನ ಖಾಲಿ ಫೋಲ್ಡರೊಂದು ನನ್ನಲ್ಲೇ ತೆರೆದುಕೊಳ್ಳುತ್ತಿತ್ತು. ಇ-ಮೇಲಿನಲ್ಲಿ ಬಂದ ಪುಟಗಳನ್ನು ತಿದ್ದಿ ಎಲ್ಲವನ್ನೂ ಅದರೊಳಗೇ ತುಂಬಿಸಿದ್ದೇನೆ. ಇವತ್ತು ಕಂಪ್ಯೂಟರ್ ರಿಪೇರಿಯವರು ಸರ್ವರಿಗೆ ಜೋಡಿಸಿದೊಡನೆ ನನ್ನ ಕೆಲಸ ಕಣ್ಮರೆಯಾಗಿ, ತಿದ್ದದ ಹಳೆಯ ಪುಟಗಳು ಕಂಡವು.

"ಎಲ್ಲೂ ಹೋಗಿಲ್ಲ ಮೇಡಂ, ಸರ್ವರ್ ಫೋಲ್ಡರ್ ನಿಮ್ಮ ಫೋಲ್ಡರಿನ ಮೇಲೆ ಕೂತು ಅದನ್ನ ಮುಚ್ಚಿದೆ ಅಷ್ಟೆ. ಪಾಪ, ಇಷ್ಟು ದಿನ ನಿಮಗೆ ನೀವೇ ಕಾಗದ ಬರ್ಕೊಳ್ತಾ ಇದ್ರಿ," ಎಂದು ನಕ್ಕರು.

ಸಂಪಾದಕರಿಗೆ ಹೇಳಲು ಓಡಿದೆ. ನಾನು ಬಾಯಿ ತೆರೆಯುವ ಮೊದಲೇ, "ಬನ್ನಿ ಬನ್ನಿ! ಸರ್ವರಿನಲ್ಲಿದ್ದಿದ್ದನ್ನ ನಿನ್ನೇನೇ ಅಚ್ಚಿಗೆ ಕಳಿಸ್ಬಿಟ್ವಿ. ನಿಮ್ಮ ಕೈ ತಾಗಿ ಒಂದೊಂದು ಪದ್ಯಾನೂ ಮುತ್ತಿನ ಹಾಗಿದೆ ಕಣಮ್ಮ," ಎಂದರು.

ಅವರು ಪುಟ ತಿರುವಿಯೂ ನೋಡಿಲ್ಲ. ಕಳಿಸಿದ್ದರಲ್ಲಿ ಆರನೆಯ ಕವಿತೆಯ ಒಂದು ಸಾಲೇ ಬಿಟ್ಟುಹೋಗಿದೆ. ಇಪ್ಪತ್ತು ವರ್ಷ ಯಾರಿಗಾಗಿ ಕರಡು ತಿದ್ದಿ ಕಣ್ಣು ಸವೆಸಿದೆನೋ.

ಒಂದು ಮಾತು ಹೇಳಿದ್ದರೆ ಅಚ್ಚು ನಿಲ್ಲುತ್ತಿತ್ತು. "ಥ್ಯಾಂಕ್ಸ್ ಸರ್," ಎಂದು ಬಂದುಬಿಟ್ಟೆ. ಅವರ ಮೇಲಿನ ಸಿಟ್ಟಿಗೆ ಸುಮ್ಮನಿದ್ದೆ ಎಂದು ಸಂಜೆಯವರೆಗೂ ನಂಬಿಕೊಂಡಿದ್ದೆ. ಸುಳ್ಳು. ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು. ಅದನ್ನು ಹಿಂದಿರುಗಿಸಲು ನನಗೆ ಮನಸ್ಸು ಬರಲಿಲ್ಲ.