ಹಸಿ ಬಣ್ಣದ ಮೇಲೆ ವಾರ್ನಿಷ್

ಅಪ್ಪಾ,

ನಾನಿಲ್ಲದ ಮೂರು ವಾರದಲ್ಲಿ, ಸ್ಟುಡಿಯೋದಲ್ಲಿ ನಾನು ಬರೆದಿಟ್ಟಿದ್ದ ಅಮ್ಮನ ಚಿತ್ರಕ್ಕೆ ವಾರ್ನಿಷ್ ಹಚ್ಚಿದವನು ನೀನೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ಎಲ್ಲೂ ಇಳಿದಿಲ್ಲ, ಬ್ರಷ್ಷಿನ ಗೆರೆಯೂ ಇಲ್ಲ. ನಲವತ್ತು ವರ್ಷ ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿದ ಕೈ. ಆದರೆ ತೈಲವರ್ಣ ಒಣಗಲು ತಿಂಗಳುಗಟ್ಟಲೆ ಬೇಕು. ಒಳಗೆ ಹಸಿಯಾಗಿದ್ದ ಅಮ್ಮನ ಮುಖ ಈಗ ಬಿರುಕು ಬಿಡುತ್ತಿದೆ.

ಎರಡು ದಿನ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ನಿನ್ನೆ ಅಮ್ಮ ಫೋನಿನಲ್ಲಿ, "ವಿಷಯ ಗೊತ್ತಾದಾಗಿಂದ ನಿಮ್ಮಪ್ಪ ಸರಿಯಾಗಿ ಊಟಾನೂ ಮಾಡ್ತಿಲ್ಲ, ನೀನೇ ಏನಾದ್ರೂ ಹೇಳು" ಅಂದಳು. ಹೇಳುತ್ತಿದ್ದೇನೆ: ಹೊಸ ಕ್ಯಾನ್ವಾಸ್ ಬಿಗಿದಾಗಿದೆ. ಇದು ಮೊದಲಿನದಕ್ಕಿಂತ ಚೆನ್ನಾಗಿ ಬರುತ್ತದೆ, ನನಗೆ ಅನುಮಾನವೇ ಇಲ್ಲ. ಹಳೆಯದರಲ್ಲಿ ಅಮ್ಮ ಕುರ್ಚಿಯಲ್ಲಿ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಏನೋ ಖಾಲಿ ಎನಿಸಿ ಮೂರು ಸಲ ಪರದೆ ಬರೆದು ಅಳಿಸಿದ್ದೆ. ಅಲ್ಲಿ ನಿಲ್ಲಬೇಕಾದವನು ನೀನು ಎಂದು ಈಗ ಹೊಳೆದಿದೆ.

ಭಾನುವಾರ ಬೆಳಿಗ್ಗೆ ಇಬ್ಬರೂ ಸ್ಟುಡಿಯೋಗೆ ಬನ್ನಿ. ಅವಳ ಭುಜದ ಮೇಲೆ ಕೈಯಿಟ್ಟು ಎರಡು ಗಂಟೆ ನಿಲ್ಲಬೇಕು, ನಾಚಿಕೊಂಡರೆ ನಡೆಯುವುದಿಲ್ಲ. ವಾರ್ನಿಷ್ ಡಬ್ಬಿ ಮನೆಯಲ್ಲೇ ಇರಲಿ. ಹೊರಡುವ ಮುಂಚೆ ಸೀಮೆಎಣ್ಣೆಯಲ್ಲಿ ಕೈ ಉಜ್ಜಿಕೊಳ್ಳಬೇಡ. ಉಗುರಿನ ಸಂದಿಯ ಬಣ್ಣವೂ ನನಗೆ ಬೇಕು.

ನಿನ್ನ ಮಗಳು