ಮೂರು ಸಲ ಅತ್ತ ಆಯಿಗೆ

ನನ್ನ ಮುದ್ದು ಆಯಿ,

ನನ್ನ ಮದುವೆ ಆಯಿತು! ಹತ್ತು ದಿನವಾದರೂ ಕನ್ನಡಿ ಕಂಡಲ್ಲೆಲ್ಲ ನಿಂತು ಕೊರಳಿನ ತಾಳಿ ನೋಡಿಕೊಳ್ಳುತ್ತಿದ್ದೇನೆ. ಹುಡುಗನ ಹೆಸರು ನಿರಂಜನ. ಯೂನಿವರ್ಸಿಟಿಯಲ್ಲಿ ನನ್ನ ಜೊತೆಗೇ ಓದಿದವನು, ನಮ್ಮ ನೃತ್ಯಗಳಿಗೆ ಧ್ವನಿ ಜೋಡಿಸುವವನು. ಬೆಂಗಳೂರಿನಲ್ಲೇ ರಿಜಿಸ್ಟರ್ ಮದುವೆ, ಆಮೇಲೆ ಗೆಳೆಯರಿಗೆಲ್ಲ ಹೋಳಿಗೆ ಊಟ. ಗಜೇಂದ್ರಗಡದ ಸೀರೆ ಉಟ್ಟು ಎಷ್ಟು ಚೆಂದ ಕಾಣುತ್ತಿದ್ದೆ ಗೊತ್ತಾ? ನೀನಿದ್ದಿದ್ದರೆ ದೃಷ್ಟಿ ತೆಗೆದು, ಮರುಕ್ಷಣವೇ "ಕುಣದು ಕುಣದು ಕಟಗಿ ಆಗೀಯಲ್ಲಬೇ" ಎಂದು ಬೈಯುತ್ತಿದ್ದೆ. ನಿನ್ನ ಮಗಳು, ನನ್ನ ಅವ್ವ, ಬರಲಿಲ್ಲ. ಯಾಕೆ ಬರಲಿಲ್ಲವೆಂದರೆ...

ಮೊದಲ ವರ್ಷದ ರಜೆಯಲ್ಲಿ ಅಬ್ಬಿಗೇರಿಯ ಪಡಸಾಲೆಯಲ್ಲಿ ನಿನ್ನ ಮುಂದೆ ಕುಣಿದು ತೋರಿಸಿದ್ದೆನಲ್ಲ, ನೆನಪಿದೆಯೇ? "ಗೆಜ್ಜಿ ಇಲ್ಲ, ಹಾಡಿಲ್ಲ. ನೆಲದಾಗ ಉಳ್ಳಾಡಾಕ ಯೂನಿವರ್ಸಿಟಿ ಯಾಕ ಬೇಕಬೇ? ನಮ್ಮ ಎಮ್ಮಿ ಪುಕ್ಕಟ ಉಳ್ಳಾಡ್ತೈತಿ" ಎಂದೆ ನೀನು. ನಾನು ನಕ್ಕೆ. ಆ ವರ್ಷವಿಡೀ ನಾನು ಕಲಿತದ್ದು ಬೀಳುವುದನ್ನೇ ಎಂದು ನಿನಗೆ ಹೇಗೆ ಹೇಳಲಿ? ಶಾಲೆಯ ಗ್ಯಾದರಿಂಗ್‌ಗಳಲ್ಲಿ ಪ್ರೈಜು ಗೆದ್ದಿದ್ದ ನನ್ನ ಕೈಗಳನ್ನು ನೃತ್ಯ ಕಲಿಸುವ ಮೇಡಂ ಮೊದಲ ದಿನವೇ ಹಿಡಿದು ನಿಲ್ಲಿಸಿದ್ದರು. "ಇಷ್ಟು ಅಲಂಕಾರ ಯಾಕೆ? ನಿನ್ನ ಊರಿನ ಮೈ ಎಲ್ಲಿದೆ, ಅದನ್ನು ತಾ" ಎಂದಿದ್ದರು. ಎರಡನೆಯ ವರ್ಷ ಪರೀಕ್ಷೆಗೆ ನಾವೇ ಒಂದು ನೃತ್ಯ ಕಟ್ಟಬೇಕಿತ್ತು. ನನಗೆ ಹೊಳೆದದ್ದು ನೀನು. ಊರಿನಲ್ಲಿ ಯಾರು ಸತ್ತರೂ ಮೊದಲು ನಿನಗೇ ಕರೆ ಬರುತ್ತಿತ್ತಲ್ಲ. ನೀನು ಅಂಗೈಯಿಂದ ನೆಲ ಬಡಿಯುತ್ತ, ಸತ್ತವರ ಹೆಸರು ಹಿಡಿದು, ಅವರ ಬಾಳನ್ನೆಲ್ಲ ಹಾಡಿ ಅಳುತ್ತಿದ್ದೆ. ಉಳಿದ ಹೆಂಗಸರು ನಿನ್ನ ಹಿಂದೆ ದನಿಗೂಡಿಸುತ್ತಿದ್ದರು.

ಅದೇ ರಜೆಯ ಒಂದು ಮಧ್ಯಾಹ್ನ ರೆಕಾರ್ಡ್ ಮಾಡಲು ಮೊಬೈಲನ್ನು ಜೋಳದ ಚೀಲದ ಮೇಲೆ ನಿಲ್ಲಿಸಿ, ಅತ್ತು ತೋರಿಸು ಎಂದು ನಾನು ಗಂಟುಬಿದ್ದೆ.

"ಹೆಣ ಇಲ್ಲದ ಮನ್ಯಾಗ ಹಾಡಿ ಅಳಬಾರದವ್ವ. ಅತ್ತರ ಒಬ್ಬರ ಹೆಸರ ಹಿಡದ ಅಳಬೇಕು. ಯಾರ ಹೆಸರ ಹಿಡೀಲಿ?"

"ನನ್ನ ಹೆಸರ ಹಿಡಿ ಆಯಿ, ಏನಾಗ್ತೈತಿ?"

"ಬಾಯಾಗ ಹುಳಾ ಬೀಳ್ತಾವ ನನಗ!"

ಕೊನೆಗೆ ನೀನು ನಿನ್ನ ಹೆಸರನ್ನೇ ಹಿಡಿದೆ. ಊರಿಗೆಲ್ಲ ಅತ್ತೆಲ್ಲ ನೀಲವ್ವಾ, ನಿನಗ ಅಳಾವ್ರು ಯಾರ ನೀಲವ್ವಾ. ಮೆಣಸಗಿಯಾಗ ಹೊಳಿ ಬಂದಿತ್ತ ನೀಲವ್ವಾ, ದವಾಖಾನಿಗೆ ದಾರಿ ಇರಲಿಲ್ಲ ನೀಲವ್ವಾ, ಚೊಚ್ಚಲ ಕೂಸು ತೊಡಿಮ್ಯಾಲ ತಣ್ಣಗಾತ ನೀಲವ್ವಾ. ಅವ್ವನಿಗಿಂತ ಮೊದಲು ನಿನಗೊಂದು ಮಗು ಹುಟ್ಟಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಆಗ ನಾನು ಏನು ಮಾಡಿದೆ ಹೇಳು? "ಆಯಿ, ಇನ್ನೊಮ್ಮಿ. ಟ್ರ್ಯಾಕ್ಟರ್ ಸಪ್ಪಳ ಬಂತು" ಎಂದೆ. ಎರಡನೆಯ ಸಲ ನಿನ್ನ ಮುಖಕ್ಕೆ ನೆರಳು ಬಿತ್ತೆಂದು ನಾನೇ ನಿಲ್ಲಿಸಿದೆ. ಮೂರನೆಯ ಸಲದ ಕೊನೆಗೆ ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. "ಸಾಕ ಬಿಡ ಯವ್ವಾ, ಈಗ ಖರೇನ ಅಳು ಬರಾಕತ್ತೈತಿ" ಎಂದೆ. ನಾನು ಖುಷಿಯಿಂದ ನಿನ್ನ ಕೆನ್ನೆಗೆ ಮುತ್ತು ಕೊಟ್ಟೆ. ಎಂಥ ಚಲೋ ಬಂದಿತ್ತು ಗೊತ್ತಾ ಅದು!

ಮೂರೇ ತಿಂಗಳು, ನೀನು ಹೋಗಿಬಿಟ್ಟೆ. ನಿನ್ನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹೆಂಗಸರೆಲ್ಲ ಸುತ್ತ ಕುಳಿತಿದ್ದರು, ಯಾರೂ ಸುರು ಮಾಡಲಿಲ್ಲ. ಸುರು ಮಾಡುವವಳು ನೀನೇ ಆಗಿದ್ದೆಯಲ್ಲ. ಪಕ್ಕದ ಮನೆಯ ಗಂಗವ್ವ ನನ್ನನ್ನು ತಿವಿದಳು: "ಮುದುಕಿ ನಿನಗಷ್ಟ ಕಲಿಸ್ಯಾಳಂತ. ಹ್ಞೂಂ, ಸುರು ಮಾಡು."

ಅಂಗೈಯಿಂದ ನೆಲ ಬಡಿದೆ. ಲಯ ಒಂದಿಷ್ಟೂ ತಪ್ಪಲಿಲ್ಲ, ಥೇಟ್ ನಿನ್ನದೇ. ಹೆಂಗಸರು ಮುಂದಕ್ಕೆ ಬಾಗಿದರು.  ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಅಭ್ಯಾಸ ಮಾಡಿದ್ದ ನನ್ನ ತುಟಿಗೆ ಬಂದದ್ದು ನಿನ್ನ ಹಾಡಲ್ಲ, ಹೆಜ್ಜೆಯ ಎಣಿಕೆ: ಐದು, ಆರು, ಏಳು, ಎಂಟು. ಅವ್ವ ಎದುರಿಗೇ ಇದ್ದಳು.

"ಎಣಸಾಕತ್ತೀಯೇನ?" ಎಂದಳು.

ಎಲ್ಲರಿಗೂ ಕೇಳಿಸಿತು. ಊರಿನವರಿಗೆಲ್ಲ ಹಾಡಿ ಅತ್ತವಳೇ, ನಿನ್ನನ್ನು ಯಾರೂ ಹಾಡಿ ಅಳದೆಯೇ ಎತ್ತಿಕೊಂಡು ಹೋದರು. ಮಣ್ಣು ಮಾಡಿ ಬಂದ ಮೇಲೆ ಅವ್ವ ನನ್ನ ಬ್ಯಾಗನ್ನು ಕಟ್ಟೆಯ ಮೇಲೆ ತಂದಿಟ್ಟಳು. "ಒಂದ ಸಲ ಅಳಿಸಿದ್ರ ಸಾಕಾಗತಿರಲಿಲ್ಲ? ಮೂರ ಸಲ ಸಾಯಿಸಿದಿ ನನ್ನವ್ವನ್ನ."

ಹದಿನೈದು ದಿನಕ್ಕೆ ಪರೀಕ್ಷೆ. ನಾನು ಕುಣಿದೆ ಆಯಿ. ನಿನ್ನ ದನಿಗೆ ಬಿದ್ದೆ, ಎದ್ದೆ, ನೆಲ ಬಡಿದೆ. ಹೊರಗಿನಿಂದ ಬಂದ ಪರೀಕ್ಷಕರು ಕಣ್ಣೊರೆಸಿಕೊಂಡರು, ತರಗತಿಗೆಲ್ಲ ನನ್ನದೇ ಹೆಚ್ಚು ಅಂಕ. ರೆಕಾರ್ಡಿಂಗಿನಿಂದ ನಿನ್ನ ಆ ಕೊನೆಯ ಮಾತನ್ನು, "ಸಾಕ ಬಿಡ ಯವ್ವಾ" ಎಂದದ್ದನ್ನು, ಮಾತ್ರ ಕತ್ತರಿಸಿದ್ದೆ. "ಇರಲಿ ಬಿಡು, ಅವರು ನಿಜವಾಗಿ ಮಾತಾಡಿದ್ದು ಅದೊಂದೇ" ಎಂದು ನಿರಂಜನ ಬೇಡಿಕೊಂಡಿದ್ದ. ಲಯ ಕೆಡುತ್ತದೆ ಎಂದೆ. ಲಯ! ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಅವನನ್ನು ಮದುವೆಯಾಗಲು ಅದಕ್ಕಿಂತ ಬೇರೆ ಕಾರಣ ಬೇಕೇ?

ಮದುವೆಗೆ ಕರೆಯಲು ಫೋನು ಮಾಡಿದಾಗ ಅವ್ವ ಕೇಳಿದ್ದು ಒಂದೇ: "ನನ್ನವ್ವನ ದನಿ ಅಳಿಸಿ ಹಾಕೀಯೇನ?" ಇಲ್ಲ ಎಂದೆ. ಹಾಕುವುದೂ ಇಲ್ಲ. ನಿನ್ನ ನೆನಪಿಗೆ ಇಟ್ಟುಕೊಂಡಿದ್ದೇನೆ ಎಂದು ಸುಳ್ಳು ಹೇಳಬಹುದಿತ್ತು. ಅದು ನಾನು ಈವರೆಗೆ ಮಾಡಿದ ಅತ್ಯುತ್ತಮ ಕೆಲಸ, ಅದಕ್ಕೇ. ನಿನ್ನ ಕೊನೆಯ ಮಾತನ್ನು ಮತ್ತೆ ಸೇರಿಸಿದ್ದೇನೆ. ಅದು ಬಂದಾಗ ನಾನು ಈಗ ಕುಣಿಯುವುದಿಲ್ಲ, ಸುಮ್ಮನೆ ನಿಲ್ಲುತ್ತೇನೆ. ಇಷ್ಟು ತಿಳಿದೂ ಆ ಮಧ್ಯಾಹ್ನ ಮರಳಿ ಬಂದರೆ ನಿನ್ನನ್ನು ಮತ್ತೆ ಅಳಿಸುತ್ತೇನೆಯೇ? ಅಳಿಸುತ್ತೇನೆ. ಬೈ, ಬೈದುಬಿಡು.

ನಿನ್ನೆ ಅವ್ವನೇ ಫೋನು ಮಾಡಿದಳು, ನಿರಂಜನನಿಗೆ. "ಅಳಿಯಾರ, ನೀವು ಊಟಕ್ಕ ಬರ್ರಿ. ಆಕಿನ್ನ ಕರಕೊಂಡ ಬರಬ್ಯಾಡ್ರಿ" ಎಂದಳಂತೆ. ಅವನು ಎರಡು ಟಿಕೆಟ್ ತೆಗೆಸಿದ್ದಾನೆ. ಈ ಶುಕ್ರವಾರ, ಸೊಲ್ಲಾಪುರಕ್ಕೆ ಹೋಗುವ ಪ್ಯಾಸೆಂಜರ್‌ನಲ್ಲಿ ಬಂದು ನಮ್ಮೂರಿನ ಹತ್ತಿರದ ಮಲ್ಲಾಪುರ ಸ್ಟೇಷನ್ನಿನಲ್ಲಿ ಇಳಿಯುತ್ತೇವೆ, ಇಬ್ಬರೂ.

ನಿನ್ನ
ಸ್ನೇಹಾ