ಸಂಶಯಾಸ್ಪದ ಒಗ್ಗರಣೆ ಡಬ್ಬಿ

ಕೊಚ್ಚಿಯ ವಿಜ್ಞಾನ ಮೇಳದ ದ್ವಾರದಲ್ಲಿ ವಶಪಡಿಸಿಕೊಂಡ ವಸ್ತುಗಳ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಒಗ್ಗರಣೆ ಡಬ್ಬಿ ಆರು ವಾರಗಳಿಂದ ನಿಮ್ಮ ಕಚೇರಿಯಲ್ಲಿದೆ. ವಾಪಸು ಕೊಡಿ ಎಂದು ಇಂಗ್ಲಿಷಿನಲ್ಲಿ ಮೂರು ಅರ್ಜಿ ಬರೆದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಏಳು ಬಟ್ಟಲಿನ ಸ್ಟೀಲ್ ಡಬ್ಬಿಯೊಂದನ್ನು ಆರು ವಾರ ಪರಿಶೀಲಿಸುವ ನಿಮ್ಮ ಶ್ರದ್ಧೆಗೆ ಕೈಮುಗಿಯಬೇಕು. ಈಗ ತಿರುವನಂತಪುರದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಇದನ್ನು ಓದಲಾರಿರಿ, ಗೊತ್ತು. ಇಂಗ್ಲಿಷಿನದ್ದನ್ನೂ ಓದಿದಂತೆ ಕಾಣಲಿಲ್ಲವಾದ್ದರಿಂದ ನನಗೇನೂ ನಷ್ಟವಿಲ್ಲ.

ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗಳು ನಿಹಾರಿಕಾಗೆ ರೋಬೋಟಿನ ಹುಚ್ಚು. ಶಾಲೆಯವರು ‘ಅತ್ಯಗತ್ಯ ಸಲಕರಣೆಗಳು’ ಎಂದು ಒಂದು ಪಟ್ಟಿ ಕೊಟ್ಟರು: ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ತಂತಿಯ ಸಿಪ್ಪೆ ಸುಲಿಯುವ ಇಕ್ಕಳ, ತುಂಡು ಹಿಡಿದುಕೊಳ್ಳುವ ಸ್ಟ್ಯಾಂಡು, ಚಿಕ್ಕ ಭಾಗಗಳನ್ನು ಬೇರೆ ಬೇರೆ ಇಡಲು ಖಾನೆಗಳ ಪೆಟ್ಟಿಗೆ. ಯಜಮಾನರಿಗೆ ತೋರಿಸಿದೆ. ಅನಂತ ಅವರು ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ. ಆಕಾಶಕ್ಕೆ ಏನು ಬೇಕಾದರೂ ಕಳಿಸುತ್ತಾರೆ, ಅಟ್ಟದಿಂದ ಒಂದು ಪಾತ್ರೆ ಇಳಿಸಿ ಎಂದರೆ ಸೊಂಟ ಹಿಡಿದುಕೊಳ್ಳುತ್ತಾರೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ. ‘ನೋಡೋಣ ಕಣೇ’ ಎಂದು ಪಟ್ಟಿಯನ್ನು ಪೇಪರಿನೊಳಗೆ ಸೇರಿಸಿಟ್ಟರು.

ಹಾಗಾಗಿ ನಾನೇ ನೋಡಿದೆ. ಐರನ್ನನ್ನೂ ಮಲ್ಟಿಮೀಟರನ್ನೂ ಚಾಲೆ ಬಜಾರಿನಿಂದ ತಂದೆ. ತಂತಿ ಸುಲಿಯಲು ಉಗುರು ಕತ್ತರಿ ಸಾಕಾಯಿತು. ಹಿಡಿದುಕೊಳ್ಳುವ ಸ್ಟ್ಯಾಂಡು ನಾನೇ ಆದೆ, ಕೈಯಲ್ಲಿ ಪಾತ್ರೆ ಇಳಿಸುವ ಇಕ್ಕಳ ಹಿಡಿದು. ಕೆಟ್ಟ ಟೇಪ್‌ರೆಕಾರ್ಡರಿನ ಮೋಟಾರು, ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ಚಕ್ರ. ಖಾನೆಗಳ ಪೆಟ್ಟಿಗೆಗೆ ಮೈಸೂರಿನಿಂದ ಬಂದ ನನ್ನ ಅಮ್ಮನ ಒಗ್ಗರಣೆ ಡಬ್ಬಿ. ಸ್ಕ್ರೂಗಳು ಸಾಸಿವೆಯ ಬಟ್ಟಲಿಗೆ, ರೆಸಿಸ್ಟರುಗಳು ಜೀರಿಗೆಯ ಬಟ್ಟಲಿಗೆ, ಕೆಪಾಸಿಟರುಗಳು ಮೆಂತ್ಯದ ಬಟ್ಟಲಿಗೆ. ನನಗೆ ಅವುಗಳ ನಿಜವಾದ ಹೆಸರು ನಾಲಿಗೆಗೆ ಹತ್ತದು. ಬಟ್ಟಲಿನ ಹೆಸರೇ ಸಾಮಾನಿನ ಹೆಸರಾಯಿತು.

ಇಲ್ಲಿಯೇ ಹುಟ್ಟಿ ಬೆಳೆದ ಮಗು. ನಾನು ಕನ್ನಡದಲ್ಲಿ ಕರೆದರೆ ಮಲಯಾಳದಲ್ಲಿ ಓಗೊಡುತ್ತಾಳೆ. ಆದರೆ ಆ ಮೇಜಿನ ಮುಂದೆ ಕೂತಾಗ, ‘ಅಮ್ಮೇ, ರಂಡು ಜೀರಿಗೆ ತಾ’ ಎಂದು, ಎರಡು ಕೊಡು ಎಂದು, ಕೈ ಚಾಚುತ್ತಿದ್ದಳು. ಇಡೀ ದಿನದಲ್ಲಿ ಅವಳ ಬಾಯಿಂದ ಬೀಳುತ್ತಿದ್ದ ಕನ್ನಡ ಅಷ್ಟೇ: ಸಾಸಿವೆ, ಜೀರಿಗೆ, ಮೆಂತ್ಯ. ನನಗೆ ಅದು ಎಷ್ಟು ಹಿತವಾಗಿತ್ತು ಎಂಬುದನ್ನು ಸರ್ಕಾರಿ ಅರ್ಜಿಯಲ್ಲಿ ಬರೆಯಲು ಜಾಗವಿರುವುದಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಇನ್ನು ಮೇಳದ ರೋಬೋಟ್ ಸ್ಪರ್ಧೆಗೆಂದು ನಾವಿಬ್ಬರೂ ಕೊಚ್ಚಿಗೆ ಬಂದ ಆ ದಿನದ ವಿಷಯ. ಮುಂಬೈಯಲ್ಲಿ ಉಗ್ರರ ದಾಳಿ ಆಗಿ ಮೂರು ತಿಂಗಳೂ ಕಳೆದಿರಲಿಲ್ಲ. ತಪಾಸಣೆ ಬೇಕು, ಬೇಡವೆನ್ನುವ ಮೂರ್ಖಳಲ್ಲ ನಾನು. ನಿಮ್ಮ ಕಾವಲುಗಾರರು ಬ್ಯಾಟರಿ, ತಂತಿ, ಮೋಟಾರು ಎಲ್ಲವೂ ಇದ್ದ ರೋಬೋಟನ್ನು ಎತ್ತಿ ನೋಡಿದರು. ‘ಕುಟ್ಟಿಯುಡೆ ಕಳಿಪ್ಪಾಟ್ಟಂ ಅಲ್ಲೇ’ ಎಂದು, ಮಗುವಿನ ಆಟಿಕೆ ತಾನೇ ಎಂದು, ನಗುತ್ತಾ ಒಳಗೆ ಬಿಟ್ಟರು. ಆಮೇಲೆ ಡಬ್ಬಿ ತೆರೆದರು. ಸ್ಕ್ರೂ ಇದ್ದ ಬಟ್ಟಲಿಗೆ ಬೆರಳು ತೋರಿಸಿ, ಇದೇನಕ್ಕಾ ಎಂದು ಕೇಳಿದರು:

‘ಇದೆಂದಾ ಚೇಚ್ಚೀ?’

ಅಭ್ಯಾಸಬಲ ನೋಡಿ. ನಾನೂ ಮಗಳೂ ಒಟ್ಟಿಗೇ ಉತ್ತರಿಸಿದೆವು, ಅವರಿಗೆ ಅರ್ಥವಾಗಲೆಂದು ಶುದ್ಧ ಮಲಯಾಳದಲ್ಲಿ: ‘ಕಡುಗ್.’

ಸಾಸಿವೆ ಎಂದೆವು. ಪಕ್ಕದ್ದು ಏನು ಎಂದರೆ ‘ಜೀರಗಂ’ ಎಂದಳು ಮಗಳು, ಅದೇ ಗಾಂಭೀರ್ಯದಲ್ಲಿ. ತಪ್ಪು ಅರಿವಾಗಿ, ಅಲ್ಲ ಅಲ್ಲ, ಸ್ಕ್ರೂ ಎಂದು ನಾನು ಬಡಬಡಿಸಿದಷ್ಟೂ ಸಂಶಯ ಬೆಳೆಯಿತು. ಆಗ ತಾವು ಬಂದಿರಿ. ಪಕ್ಕದಲ್ಲೇ ನಿಂತಿದ್ದವನು ಮೊಳದುದ್ದದ ಮಚ್ಚಿನಿಂದ ಕೊಚ್ಚಿಕೊಟ್ಟ ಎಳನೀರನ್ನು ಕುಡಿಯುತ್ತಲೇ, ನಮ್ಮ ಡಬ್ಬಿಯಿಂದ ಸಾರ್ವಜನಿಕರಿಗೆ ಅಪಾಯವಿದೆ ಎಂದು ತೀರ್ಮಾನಿಸಿದಿರಿ. ಆ ಮಚ್ಚು ಅಂದು ಮೂರು ಸಲ ಮೇಳದ ಒಳಗೂ ಹೋಗಿ ಬಂತು. ಅದಕ್ಕೆ ರಸೀದಿ ಕೊಟ್ಟಿರಾ? ನಮಗೆ ಕೊಟ್ಟಿರಿ: ‘ಸಂಶಯಾಸ್ಪದ ಅಡುಗೆ ಪಾತ್ರೆ ಒಂದು. ಬಿಸಿ ಮಾಡುವ ಕಡ್ಡಿ ಒಂದು. ಮಹಿಳೆ ಸುಳ್ಳು ಮಾಹಿತಿ ನೀಡಿರುತ್ತಾರೆ.’

ಒಳಗೆ ನಡೆದದ್ದು ಕೇಳಿ. ರೈಲಿನ ಕುಲುಕಾಟಕ್ಕೆ ರೋಬೋಟಿನ ಒಂದು ತಂತಿ ಬಿಟ್ಟುಕೊಂಡಿತ್ತು. ಒಂದು ಹನಿ ಬೆಸುಗೆ ಸಾಕಿತ್ತು. ಸೋಲ್ಡರಿಂಗ್ ಐರನ್ನು, ಅಂದರೆ ನಿಮ್ಮ ರಸೀದಿಯ ಕಡ್ಡಿ, ನಿಮ್ಮ ಮೇಜಿನ ಮೇಲೆ. ನೆಲದ ಮೇಲೆ ಎಳೆದ ಕಪ್ಪು ಗೆರೆ ಹಿಡಿದು ತಾನೇ ಓಡಬೇಕಿದ್ದ, ಎರಡು ತಿಂಗಳು ಕೂತು ಮಾಡಿದ ರೋಬೋಟು ಒಂದು ಗೇಣೂ ಚಲಿಸಲಿಲ್ಲ. ಮಗಳು ಅಳಲಿಲ್ಲ. ತಿರುಗಿ ಬರುವಾಗ ರೈಲಿನಲ್ಲಿ ರಸೀದಿಯನ್ನು ಎರಡು ಸಲ ಓದಿ, ‘ಅಮ್ಮೇ, ನಮ್ಮಳ್ ಕಳ್ಳಂ ಪರಞ್ಞೋ?’ ಎಂದು ಕೇಳಿದಳು. ನಾವು ಸುಳ್ಳು ಹೇಳಿದೆವಾ ಎಂದು. ಇಲ್ಲ ಮಗಳೇ ಎಂದೆ. ಆದರೆ ಸೀಲು ಹೊಡೆದ ಕಾಗದದ ಮುಂದೆ ತಾಯಿಯ ಮಾತಿಗೆ ಎಷ್ಟು ಬೆಲೆ?

ಯಜಮಾನರಿಗೆ ಕೊನೆಗೂ ಎಚ್ಚರವಾಗಿ ಇಪ್ಪತ್ತನಾಲ್ಕು ಖಾನೆಗಳ ಪ್ಲಾಸ್ಟಿಕ್ ಪೆಟ್ಟಿಗೆ ತಂದಿದ್ದಾರೆ. ಮಗಳು ಪ್ರತಿ ಖಾನೆಗೂ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದಾಳೆ. ಯಾರನ್ನೂ ಏನನ್ನೂ ಕೇಳುವ ಅಗತ್ಯವಿಲ್ಲ. ಬರುವ ಎಂಟನೇ ತಾರೀಖು ಇಲ್ಲೇ ತಿರುವನಂತಪುರದಲ್ಲಿ ಇನ್ನೊಂದು ಸ್ಪರ್ಧೆಯಿದೆ. ನಾನು ಸೀರೆ ತೆಗೆದಿಟ್ಟೆ. ‘ಅಮ್ಮ ವರಂಡ’ ಎಂದಳು. ನಾನು ಬರುವುದು ಬೇಡವಂತೆ. ನನಗೆ ದುಃಖವಾಯಿತು, ಮಾನ್ಯರೇ. ಅವಳ ಮೇಲೆ ಕೋಪ ಬರಲಿಲ್ಲ, ನಿಮ್ಮ ಮೇಲೆ ಬಂತು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಕಡ್ಡಿಯನ್ನು ಬೇಕಿದ್ದರೆ ಇಟ್ಟುಕೊಳ್ಳಿ, ನಿಮ್ಮ ಕಚೇರಿಯಲ್ಲೂ ಬಿಟ್ಟುಕೊಂಡ ತಂತಿಗಳು ಬಹಳ ಇರುವಂತಿವೆ. ಎಂಟರೊಳಗೆ ಡಬ್ಬಿ ಕೊಡಿ, ಮತ್ತು ರಸೀದಿಯ ಕೊನೆಯ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ ಸಹಿ ಹಾಕಿ. ಮಗಳಿಗೆ ತೋರಿಸಬೇಕು. ಸಾಕ್ಷಿ ಬೇಕೆಂದರೆ ನಿಮ್ಮ ಹತ್ತಿರವೇ ಇದೆ. ಸ್ಕ್ರೂ ಇರುವ ಬಟ್ಟಲನ್ನು ಮೇಲೆತ್ತಿ, ಡಬ್ಬಿಯ ತಳದ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ. ಎಷ್ಟು ತಿಕ್ಕಿದರೂ ಹೋಗದೆ ಅಲ್ಲಿ ಸಿಕ್ಕಿಕೊಂಡ ಮೂರು ನಾಲ್ಕು ಕಾಳುಗಳಿವೆ, ನನ್ನ ಅಮ್ಮನ ಕಾಲದವು. ಅವು ಸಾಸಿವೆ.

ಇಂತಿ,
ನಿಮ್ಮ ರಸೀದಿಯ ಪ್ರಕಾರ ಸುಳ್ಳು ಹೇಳಿದವಳು,
ಸುಬ್ಬಲಕ್ಷ್ಮಿ, ಶ್ರೀಕಾರ್ಯಂ
ಮಾರ್ಚ್ ೨೦೦೯